ಸೇತುವೆ ದಾಟಿದರೆ ವಿಧುರ

ಇಪೊಲಿತ್‌ನ ಹೆಂಡತಿ ಸಿದೋನಿ ತೀರಿಕೊಂಡು ವರ್ಷಗಳೇ ಆಗಿದ್ದವು. ಈ ಸಂಗತಿ ಸಿದೋನಿಗೆ ಮಾತ್ರ ಗೊತ್ತಿರಲಿಲ್ಲ.

ದ್ವೀಪದ ಉತ್ತರ ತುದಿಯ ನಮ್ಮ ಗ್ರೋಸ್ ಇಲೆ ಊರಿನಲ್ಲಿ ಅವಳು ಗಟ್ಟಿಮುಟ್ಟಾಗಿಯೇ ಬದುಕಿದ್ದಳು. ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತಿದ್ದಳು; ಗಂಡನನ್ನು ಕರೆಯಬೇಕಾದರೆ ಹೊಲಿಗೆ ಮಿಷನ್ನಿನ ಸದ್ದನ್ನು ಮೀರಿಸಿ ಕರೆಯುತ್ತಿದ್ದಳು. ಆದರೆ ಇಪೊಲಿತ್ ಪ್ರವಾಸಿಗರನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಪೇಟೆಯಾಚೆಯ ಸೇತುವೆ ದಾಟಿದನೆಂದರೆ, ಅಲ್ಲಿಂದ ದಕ್ಷಿಣಕ್ಕೆ ಸೂಫ್ರಿಯೇರ್ ಪಟ್ಟಣದ ತನಕ ಅವಳು ಸತ್ತವಳು. ಸಂಜೆ ವ್ಯಾನು ಸೇತುವೆ ದಾಟಿ ವಾಪಸು ಬಂದಾಗ ಮತ್ತೆ ಎದ್ದು ಕೂರುತ್ತಿದ್ದಳು.

ಇದಕ್ಕೆ ಕಾರಣ ತೀರ ಸಣ್ಣದು. ಒಂದು ಬೆಳಿಗ್ಗೆ ಅವನು ಮನೆಯಲ್ಲಿ ಜಗಳವಾಡಿಕೊಂಡು ಹೊರಟಿದ್ದ. ವ್ಯಾನಿನಲ್ಲಿದ್ದ ಇಂಗ್ಲೆಂಡಿನ ಅಜ್ಜಿಯೊಬ್ಬಳು, ಮನೆಯಲ್ಲಿ ಹೆಂಡತಿ ಇದ್ದಾಳೇನಪ್ಪಾ ಎಂದು ಕೇಳಿದಳು. ಸಿಟ್ಟಿನಲ್ಲಿದ್ದವನು, ಈಗಿಲ್ಲ ಎಂದುಬಿಟ್ಟ. ಅಜ್ಜಿ ಕಣ್ಣೊರೆಸಿಕೊಂಡಳು. ಇಳಿಯುವಾಗ ಅವಳು ಕೊಟ್ಟ ಟಿಪ್ಸ್ ನೋಡಿ ಇಪೊಲಿತ್ ಕೂಡ ಕಣ್ಣೊರೆಸಿಕೊಂಡ. ಮರುದಿನ ಸಾವಿಗೊಂದು ದೋಣಿ ಬೇಕಾಯಿತು, ಅದರ ಮರುದಿನ ಒಂದು ಅಲೆ. ಕನಾರಿ ಊರಿನ ತಿರುವಿನ ಕೆಳಗಿದ್ದ ಕರಿ ಬಂಡೆ, ಅವಳ ದೋಣಿ ಬಡಿದ ಬಂಡೆಯಾಯಿತು. ಹೀಗೆ ಸಿದೋನಿ ದಿನದಿಂದ ದಿನಕ್ಕೆ ಚೆನ್ನಾಗಿ ಸಾಯುತ್ತಾ ಹೋದಳು.

ನಮ್ಮ ಡ್ರೈವರುಗಳಲ್ಲಿ ಒಂದು ಕಟ್ಟುಪಾಡಿದೆ. ಒಬ್ಬನ ಕತೆಯನ್ನು ಇನ್ನೊಬ್ಬ ಮುರಿಯಬಾರದು. ವಿನ್ಸ್ಲೋ ಎಂಬ ಡ್ರೈವರು ತಾನು ಮಾರ್ಟಿನಿಕ್ ದ್ವೀಪದಿಂದ ಈಜಿಕೊಂಡು ಬಂದವನೆಂದು ಹೇಳಿಕೊಳ್ಳುತ್ತಾನೆ. ಮೊಣಕಾಲು ನೆನೆಯುವಷ್ಟು ನೀರಿಗೂ ಅವನು ಇಳಿದದ್ದನ್ನು ಯಾರೂ ಕಂಡಿಲ್ಲ. ಆದರೂ ಯಾರೂ ನಗುವುದಿಲ್ಲ. ನಗದಿದ್ದರೆ ಸಾಲದು, ಸಮಯ ಬಂದಾಗ ಅವನ ಕತೆಗೆ ನಾಲ್ಕು ಮಾತು ಸೇರಿಸಿಯೂ ಕೊಡಬೇಕು. ಹೋಟೆಲಿನವರು, ರಸ್ತೆ ಬದಿಯಲ್ಲಿ ಮಾರುವವರು ಎಲ್ಲರೂ ಈ ಕಟ್ಟುಪಾಡಿಗೆ ಸೇರಿದವರೇ.

ಒಂದು ವರ್ಷ ಅಕ್ಟೋಬರಿನಲ್ಲಿ, ಪ್ರವಾಸಿಗರ ದೊಡ್ಡ ಹಡಗುಗಳು ಇನ್ನೂ ಬರದ ದಿನಗಳಲ್ಲಿ, ಮದುವೆಯ ವಾರ್ಷಿಕ ದಿನ ಹತ್ತಿರವಾದಾಗ ಸಿದೋನಿ ಹೊಲಿಗೆ ನಿಲ್ಲಿಸಿ ಗಂಡನ ಮುಂದೆ ನಿಂತಳು.

"ಕಂಡಕಂಡ ದೇಶದವರಿಗೆಲ್ಲ ದ್ವೀಪ ತೋರಿಸ್ತೀಯ. ನನಗೆ ಯಾವಾಗ ತೋರಿಸ್ತೀಯ?"

ಈ ಸಲ ಕರೆದುಕೊಂಡು ಹೋಗುತ್ತೇನೆ ಎಂದ ಇಪೊಲಿತ್. ಅವಳಿಗೆ ಅಷ್ಟು ಸಾಕಾಗಲಿಲ್ಲ. ಹೆಂಡತಿಯಾಗಿ ಬರುವುದಿಲ್ಲ, ಪ್ರವಾಸಿಯಾಗಿ ಬರುತ್ತೇನೆ ಎಂದಳು. ಹಿಂದಿನ ಸೀಟು, ಹ್ಯಾಟು, ಕಪ್ಪು ಕನ್ನಡಕ. ನಾನು ಯಾರೆಂದು ಎಲ್ಲೂ ಹೇಳಕೂಡದು, ಹೇಳಿದರೆ ಎಲ್ಲರೂ ಅಮ್ಮ ಹೇಗಿದ್ದಾರೆ, ಮಂಡಿನೋವು ಹೇಗಿದೆ ಅಂತ ಶುರು ಮಾಡುತ್ತಾರೆ.

"ಅವರ ಹತ್ರ ದಿನವೆಲ್ಲ ಮಾತಾಡಿ, ನಗಿಸಿ, ಮನೆಗೆ ಬಾಯಿ ಮುಚ್ಕೊಂಡು ಬರ್ತೀಯ. ಅವರಿಗೆ ಹೇಳೋದನ್ನ ಒಂದು ದಿನ ನನಗೂ ಹೇಳು."

ಮಧ್ಯಾಹ್ನದ ಊಟಕ್ಕೆ ಮಾತ್ರ ಮೇಜಿನಲ್ಲಿ ನಿನ್ನ ಎದುರೇ ಕೂರುತ್ತೇನೆ ಎಂದು ಇಪೊಲಿತ್ ಕೇಳಿಕೊಂಡ. ಸೂಫ್ರಿಯೇರಿನಲ್ಲಿ ಪ್ರವಾಸಿಗರು ಉಣ್ಣುವ ಹೋಟೆಲಿನ ಕೆಂಪು ಮೀನಿನ ವಾಸನೆಯನ್ನು ಅವನು ವರ್ಷಗಟ್ಟಲೆ ಅಡುಗೆಮನೆಯ ಹಿಂದಿನ ಮೆಟ್ಟಿಲ ಮೇಲೆ ಕೂತು ಕುಡಿದವನು; ಡ್ರೈವರುಗಳ ತಟ್ಟೆಗೆ ಆ ಮೀನು ಬರುವುದಿಲ್ಲ. ಸಿದೋನಿ ಒಪ್ಪಿದಳು. ಅವಳು ಒಪ್ಪಿ ಒಳಗೆ ಹೋದ ಮೇಲೆ ಅವನಿಗೆ ನೆನಪಾಯಿತು, ಸೇತುವೆಯಾಚೆ ಅವಳಿಲ್ಲ ಎಂಬುದು.

ಇದೇನು ನಕ್ಕು ಬಿಡುವ ವಿಷಯವಾಗಿರಲಿಲ್ಲ. ಸಿದೋನಿ ಮನೆಯಲ್ಲಿ ಸಾವಿನ ಮಾತೆತ್ತಿದರೆ ಶಿಲುಬೆಯ ಗುರುತು ಹಾಕಿಕೊಳ್ಳುವವಳು. ಒಮ್ಮೆ ಗಂಡ ತಮಾಷೆಗೆ, ನೀನು ಸತ್ತರೆ ಈ ಮಿಷನ್ ಯಾರಿಗೆ ಎಂದು ಕೇಳಿದ್ದಕ್ಕೆ ಮಾರ್ಟಿನಿಕ್‌ನ ತಂಗಿ ಮನೆಗೆ ಹೋದವಳು ಈಸ್ಟರ್ ಮುಗಿಯುವ ತನಕ ಬಂದಿರಲಿಲ್ಲ. ಇನ್ನೊಂದು ಸಲ ಹೀಗಾದರೆ ಮಿಷನ್ನನ್ನೂ ಎತ್ತಿಕೊಂಡು ಬಾ, ಇಲ್ಲೇ ಇದ್ದುಬಿಡು ಎಂದು ತಂಗಿ ಹೇಳಿ ಕಳಿಸಿದ್ದಳು.

ಆ ದಿನ ಬೆಳಿಗ್ಗೆ ಸಿದೋನಿ ಹಳದಿ ಬಟ್ಟೆ ಉಟ್ಟು, ಛತ್ರಿಯಷ್ಟು ಅಗಲದ ಹ್ಯಾಟು ಹಾಕಿಕೊಂಡು ಹಿಂದಿನ ಸೀಟಿನಲ್ಲಿ ಕೂತಳು. ಎದುರು ಮನೆಯ ಮಾ ಕ್ಲೋತಿಲ್ ಮುದುಕಿ ಬೇಲಿಯ ಮೇಲೆ ಮೊಣಕೈಯೂರಿ ನೋಡುತ್ತಿದ್ದಳು. ಗಂಡ ಹೆಂಡತಿ ಒಂದೇ ವ್ಯಾನಿನಲ್ಲಿ ಹಿಂದೆ ಮುಂದೆ ಯಾಕೆ ಕೂತಿದ್ದಾರೆ, ಏನಾದರೂ ಆಗಿದೆಯಾ ಎಂದು ಕೇಳಿದಳು. ಸಿದೋನಿ ಕನ್ನಡಕದೊಳಗಿಂದ, ನನಗೆ ಈ ಊರು ಹೊಸದು ಎಂದಳು. ಮುದುಕಿಗೆ ಅವತ್ತಿನ ದಿನವೆಲ್ಲ ಯೋಚಿಸುವುದಕ್ಕೆ ಅಷ್ಟು ಸಾಕಾಯಿತು.

ಸೇತುವೆ ಬರುವ ತನಕ ಇಪೊಲಿತ್ ಚೆನ್ನಾಗಿ ಮಾತಾಡಿದ. ಸೇತುವೆ ದಾಟಿದ ಮೇಲೆ ವ್ಯಾನು ಓಡಿಸಿದ ರೀತಿ ನೋಡಿದರೆ ಹಿಂದೆ ಕೂತವರಿಗೆ ಹೆರಿಗೆ ನೋವು ಬಂದಿದೆಯೇನೋ ಅನ್ನಬೇಕು. ಎಲ್ಲೂ ನಿಲ್ಲಿಸದೆ ಹೋಟೆಲು ಸೇರಿಬಿಡುವುದು, ಮೀನು ತಿಂದು ತಿರುಗಿಬಿಡುವುದು ಅವನ ಲೆಕ್ಕ. ಆದರೆ ಕನಾರಿಯ ತಿರುವಿನಲ್ಲಿ ವಿನ್ಸ್ಲೋನ ವ್ಯಾನು ರಸ್ತೆಗೆ ಅಡ್ಡವಾಗಿ ನಿಂತಿತ್ತು. ಅವನ ಪ್ರವಾಸಿಗರು ಫೋಟೋ ತೆಗೆಯುತ್ತಿದ್ದರು.

ವಿನ್ಸ್ಲೋ ದಕ್ಷಿಣದ ಕಡೆಯವನು, ಸಿದೋನಿಯನ್ನು ಕಂಡವನಲ್ಲ. ಲಂಡನ್ನಿನಲ್ಲಿ ನೆಲೆಸಿ ರಜೆಗೆ ಬರುವ ನಮ್ಮವರು ಹಾಕುವ ಹ್ಯಾಟು ಅದು, ಹಾಗಾಗಿ ಆಸಾಮಿ ದೊಡ್ಡವಳೇ ಎಂದುಕೊಂಡ. ಇಪೊಲಿತ್ ತುಟಿ ಕಚ್ಚಿ ನಿಂತದ್ದನ್ನು ನೋಡಿ, ಇವತ್ತು ಇವನಿಗೆ ಕತೆ ಹೇಳಲು ಗಂಟಲು ಕಟ್ಟಿದೆ, ಸಹಾಯ ಮಾಡಬೇಕು ಎಂದು ಕಿಟಕಿಯ ಬಳಿ ಬಂದ.

"ಮೇಡಂ, ಇವನು ತಾನಾಗಿ ಹೇಳಲ್ಲ. ಅಗೋ ಆ ಕರಿ ಬಂಡೆ ನೋಡಿ. ಇವನ ಹೆಂಡತೀನ ಸಮುದ್ರ ತಗೊಂಡು ಹೋಗಿದ್ದು ಅಲ್ಲೇ."

ಇಪೊಲಿತ್ ಕೆಮ್ಮಿದ. ವಿನ್ಸ್ಲೋನ ಕಾಲು ತುಳಿದ. ವಿನ್ಸ್ಲೋ ಅವನ ಬೆನ್ನು ಸವರಿ, ಅಳು ಮಾರಾಯ, ಅತ್ತುಬಿಡು ಎಂದ.

ಹಿಂದಿನ ಸೀಟಿನಿಂದ ಬಹಳ ಮೆಲ್ಲಗೆ ಒಂದು ಪ್ರಶ್ನೆ ಬಂತು. "ಚೆನ್ನಾಗಿದ್ದಳಾ ನೋಡೋಕೆ?"

"ನೋಡಿದವರು ಕಣ್ಣು ಕೀಳ್ತಿರಲಿಲ್ಲವಂತೆ ಮೇಡಂ."

ಅಲ್ಲಿಂದ ಮುಂದೆ ಇಪೊಲಿತ್‌ನ ಕುತ್ತಿಗೆ ಕನ್ನಡಿಯ ಕಡೆಗೆ ತಿರುಗಲೇ ಇಲ್ಲ. ಹಿಂದೆ ಕೂತವಳು ಅಳುತ್ತಿದ್ದಾಳೋ ಸೀಟಿನ ದಾರ ಕೀಳುತ್ತಿದ್ದಾಳೋ ತಿಳಿಯದು. ಮರಗೆಣಸಿನ ರೊಟ್ಟಿ ಮಾರುವ ಎರ್ಮಿನ್‌ಳ ಗುಡಿಸಲನ್ನೂ ದಾಟಿಬಿಡೋಣ ಎಂದುಕೊಂಡ, ಆದರೆ ಹಿಂದಿನಿಂದ ಅಪ್ಪಣೆಯಾಯಿತು. ಡ್ರೈವರ್, ರೊಟ್ಟಿ ಬೇಕು.

ಎರ್ಮಿನ್ ಬಿಸಿ ರೊಟ್ಟಿ ಕೊಟ್ಟಳು, ಜೊತೆಗೆ ಬಿಸಿ ಸಂಗತಿಗಳನ್ನೂ ಕೊಟ್ಟಳು. ತೀರಿಹೋದ ಆ ತಾಯಿ ಬಟ್ಟೆ ಒಗೆಯುವಾಗ ಹಾಡುತ್ತಿದ್ದಳಂತೆ. ಅವಳು ಮಾಡಿದ ಕೊಬ್ಬರಿ ಮಿಠಾಯಿ ಬಾಯಲ್ಲಿಟ್ಟರೆ ಕರಗುತ್ತಿತ್ತಂತೆ. ಗಂಡ ಎಷ್ಟು ತಡವಾಗಿ ಬಂದರೂ ದೀಪ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದಳಂತೆ. ಯಾವ ಹಾಡು ಹಾಡುತ್ತಿದ್ದಳು ಎಂದು ಪ್ರವಾಸಿ ಕೇಳಿದಳು. ಎರ್ಮಿನ್ ಇಪೊಲಿತ್‌ನ ಕಡೆ ತಿರುಗಿ, ಹಾಡು ಮಗಾ ಎಂದಳು. ಅವನು ರಸ್ತೆ ಬದಿಯಲ್ಲಿ ರೊಟ್ಟಿ ಹಿಡಿದುಕೊಂಡು, ನೆಗಡಿಯಾದ ಮೇಕೆಯಂತೆ ಒಂದು ಚರಣ ಹಾಡಿದ.

ಅವಳು ನೋಡಲೇಬೇಕೆಂದ ಗಂಧಕದ ಬಿಸಿನೀರ ಬುಗ್ಗೆಗಳ ಹತ್ತಿರ ಮಾತ್ರ ಅವನಿಗೆ ಸ್ವಲ್ಪ ನೆಮ್ಮದಿ ಸಿಕ್ಕಿತು. ಕುದಿಯುವ ಕೆಸರಿನ ಪಕ್ಕ ನಿಂತರೆ ಎಲ್ಲರೂ ಬೆವರುತ್ತಾರೆ, ಯಾರೂ ಯಾಕೆಂದು ಕೇಳುವುದಿಲ್ಲ.

ಹೋಟೆಲಿನಲ್ಲಿ, ಎರಡು ಚೂಪು ಬೆಟ್ಟಗಳು ಕಾಣುವ ಮೇಜಿನಲ್ಲಿ ಒಂದೇ ತಟ್ಟೆ ಇಟ್ಟಿದ್ದರು. ಡ್ರೈವರೂ ನನ್ನ ಜೊತೆ ಕೂರಲಿ ಎಂದಳು ಸಿದೋನಿ. ಮೇಲ್ವಿಚಾರಕ ಜೆರೋಮ್‌ಗೆ ಅದನ್ನು ಕೇಳಿ ಮನಸ್ಸು ತುಂಬಿ ಬಂತು. ಯಾವ ಪ್ರವಾಸಿಯೂ ಈ ಮನುಷ್ಯನ ದುಃಖವನ್ನು ಇಷ್ಟು ಗೌರವಿಸಿರಲಿಲ್ಲ. ಇಪೊಲಿತ್ ಎದುರಿನ ಕುರ್ಚಿಯಲ್ಲಿ ಕೂತ. ವರ್ಷಗಳ ಆಸೆ. ಕೆಂಪು ಮೀನು ಬಂತು, ಸುಟ್ಟ ದೀವಿ ಹಲಸಿನ ಹೋಳುಗಳ ನಡುವೆ, ಸೊಪ್ಪಿನ ಮಸಾಲೆ ಹೊದ್ದುಕೊಂಡು ಮಲಗಿತ್ತು. ಒಂದೇ ಮೀನು. ಅವನ ಮುಂದೆ ಬೇಯಿಸಿದ ಬಾಳೆಕಾಯಿ ಇಟ್ಟರು.

ಸಿದೋನಿ ಜೆರೋಮ್‌ನ ಮುಖ ನೋಡಿದಳು.

"ಇವರು ಮೀನು ಮುಟ್ಟಲ್ಲ ಮೇಡಂ," ಎಂದ ಜೆರೋಮ್, ಎದೆಯ ಮೇಲೆ ಕೈಯಿಟ್ಟು. "ಅವಳನ್ನ ತಗೊಂಡ ಸಮುದ್ರದಿಂದ ನಾನು ಏನನ್ನೂ ತಗೊಳ್ಳಲ್ಲ ಅಂತ ಆಣೆ ಮಾಡಿದಾರೆ."

ಆ ಮಾತು ತಾನು ಹೇಳಿದ್ದೇ, ಜರ್ಮನಿಯ ಒಂದು ಗುಂಪಿನ ಮುಂದೆ, ಎಂದು ಇಪೊಲಿತ್‌ಗೆ ನೆನಪಾಯಿತು. ಅವತ್ತು ಟಿಪ್ಸ್ ಬಹಳ ಚೆನ್ನಾಗಿ ಬಂದಿತ್ತು.

"ಒಂದು ಚೂರೂ ಬೇಡವಾ ಡ್ರೈವರ್?" ಎಂದು ಸಿದೋನಿ ಮೀನಿನ ಬೆನ್ನಿನಿಂದ ಒಂದು ತುಂಡು ಬಿಡಿಸುತ್ತಾ ಕೇಳಿದಳು.

"ಬೇಡ ಮೇಡಂ," ಎಂದ ಅವನು, ಆ ತುಂಡು ಹೋಗುವ ದಾರಿಯನ್ನೇ ನೋಡುತ್ತಾ.

ಜೆರೋಮ್ ಅಲ್ಲೇ ನಿಂತು, ಆ ಹೆಂಗಸು ಬದುಕಿದ್ದಷ್ಟು ದಿನ ಗಂಡನ ಮೇಲೆ ಒಮ್ಮೆಯೂ ದನಿ ಎತ್ತಿದವಳಲ್ಲ ಎಂದು ತಿಳಿಸಿದ. ಸಿದೋನಿ ಫೋರ್ಕನ್ನು ಕೆಳಗಿಟ್ಟಳು. ಆಮೇಲೆ ಅವಳೂ ತಿನ್ನಲಿಲ್ಲ. ಅರ್ಧ ಮೀನು ಹಾಗೇ ಒಳಗೆ ಹೋಯಿತು. ಅದು ಹೋದ ಬಾಗಿಲನ್ನು ಇಪೊಲಿತ್ ತುಂಬ ಹೊತ್ತು ನೋಡಿದ.

ತಿರುಗಿ ಬರುವಾಗ ಸೇತುವೆ ಕಾಣುವ ತನಕ ಅವನ ಮನಸ್ಸಿನಲ್ಲಿ ಹೊಲಿಗೆ ಮಿಷನ್ನು ಮಾರ್ಟಿನಿಕ್‌ನ ಹಡಗು ಹತ್ತುತ್ತಿತ್ತು, ಇಳಿಯುತ್ತಿತ್ತು, ಮತ್ತೆ ಹತ್ತುತ್ತಿತ್ತು.

"ಪೊಲಿತ್," ಎಂದಳು. ಮನೆಯ ಹೆಸರಿನಿಂದ ಕರೆದ ಮೇಲೆ ಡ್ರೈವರೂ ಇರಲಿಲ್ಲ, ಮೇಡಮ್ಮೂ ಇರಲಿಲ್ಲ.

ಅವನು ವ್ಯಾನನ್ನು ಪಕ್ಕಕ್ಕೆ ನಿಲ್ಲಿಸಿದ. ಇನ್ನು ತಡೆಯಲಾಗಲಿಲ್ಲ.

"ಆ ಸತ್ತವಳು ನೀನೇ ಸಿದೋನಿ. ಟಿಪ್ಸ್‌ಗೋಸ್ಕರ ಕಟ್ಟಿದ ಕತೆ. ಬೈಯಿ, ಹೊಡಿ, ಮಾರ್ಟಿನಿಕ್‌ಗೆ ಮಾತ್ರ ಹೋಗ್ಬೇಡ."

ಸಿದೋನಿ ಕನ್ನಡಕ ತೆಗೆದಳು. "ನಾನಾ?"

"ನೀನೇ."

"ನಾನು ಯಾವತ್ತಾದ್ರೂ ಹಾಡಿದೀನಾ?"

ಇಲ್ಲ ಎಂದು ತಲೆಯಾಡಿಸಿದ.

"ಕೊಬ್ಬರಿ ಮಿಠಾಯಿ?"

"ಒಂದ್ಸಲ ಮಾಡಿದ್ದೆಯಲ್ಲ."

"ಅದನ್ನ ನೀನು ಸುತ್ತಿಗೆ ತಗೊಂಡು ಒಡೆದೆ. ನೀನು ತಡವಾಗಿ ಬಂದಾಗ ದೀಪ ಹಿಡಿದು ನಿಂತಿದೀನಾ? ದನಿ ಎತ್ತದೆ ಇದ್ದಿದೀನಾ, ಒಂದು ದಿನ?"

ಇಡೀ ಯುರೋಪಿಗೆ ಸುಳ್ಳು ಹೇಳಿದವನು ಆ ಹೊತ್ತಿನಲ್ಲಿ ನಿಜವನ್ನೇ ಹೇಳಿದ. ಇಲ್ಲ ಎಂದ.

"ಹಾಗಾದ್ರೆ ಅವಳು ನಾನಲ್ಲ," ಎಂದಳು ಸಿದೋನಿ. "ಇಷ್ಟೆಲ್ಲ ಸುಮ್ಸುಮ್ನೆ ಕಟ್ಟೋಕೆ ಆಗಲ್ಲ. ನಿನ್ನ ತಲೆ ಎಷ್ಟು ದೊಡ್ಡದು ಅಂತ ನನಗೆ ಗೊತ್ತು ಪೊಲಿತ್. ಹೇಳು, ಯಾರವಳು?"

ಯಾರೂ ಇಲ್ಲ ಎಂದ. ಆಣೆ ಇಟ್ಟ. ಮೀನು ಬಿಟ್ಟಿದ್ದಕ್ಕೂ ಆಣೆ ಇಟ್ಟಿದ್ದೆಯಲ್ಲ ಎಂದಳು ಅವಳು.

ಮನೆ ತಲುಪುವ ಹೊತ್ತಿಗೆ ಮಾ ಕ್ಲೋತಿಲ್ ಬೇಲಿಯ ಬಳಿಯೇ ಇದ್ದಳು, ಬೆಳಿಗ್ಗೆಯಿಂದ ಕದಲದವಳಂತೆ. ಸಿದೋನಿ ಇದ್ದದ್ದನ್ನೆಲ್ಲ ಹೇಳಿದಳು. ಮುದುಕಿ ಕಣ್ಣು ಮುಚ್ಚಿ ಹಳೆಯ ಕಾಲದೊಳಗೆ ಕೈಹಾಕಿ ತಡಕಾಡಿದಳು.

"ಕನಾರಿಯಿಂದ ಒಬ್ಬಳು ಹುಡುಗಿ ಕೊಬ್ಬರಿ ಮಿಠಾಯಿ ಮಾರೋಕೆ ಬರ್ತಿದ್ದಳಲ್ಲ. ನೀಲಿ ರಿಬ್ಬನ್. ಹಾಡ್ಕೊಂಡೇ ಬರೋಳು. ಆಮೇಲೆ ಬರೋದೇ ನಿಂತುಹೋಯ್ತು."

ಅಂಥ ಹುಡುಗಿಯನ್ನು ತಾನು ಕಂಡೇ ಇಲ್ಲ ಎಂದ ಇಪೊಲಿತ್. ನೋಡು, ಹೆಸರೆತ್ತಿದರೆ ಮುಖ ಹೇಗೆ ಬಿಳಿಚಿಕೊಂಡಿತು ಎಂದಳು ಮುದುಕಿ. ಆಗ ಇನ್ನೂ ಯಾರೂ ಹೆಸರೆತ್ತಿರಲಿಲ್ಲ. ಕತ್ತಲಾಗುವುದರೊಳಗೆ ಬೀದಿಯವರು ಸೇರಿ ಹೆಸರನ್ನೂ ಇಟ್ಟರು: ಎವ್ಲೀನ್. ಇಷ್ಟು ವರ್ಷ ದುಃಖವನ್ನು ಒಬ್ಬನೇ ನುಂಗಿಕೊಂಡು ಬದುಕಿದನಲ್ಲ ಎಂದು ಕೆಲವರು ಮರುಗಿದರು. ಕೆಲವರು ಛೀ ಎಂದರು.

ಸಿದೋನಿ ಮಾರ್ಟಿನಿಕ್‌ಗೆ ಹೋಗಲಿಲ್ಲ. ಬದುಕಿದ್ದವಳಾಗಿದ್ದರೆ ಜಡೆ ಹಿಡಿದು ಕೇಳುತ್ತಿದ್ದೆ, ಸತ್ತವಳ ಹತ್ತಿರ ಏನು ಜಗಳ ಎಂದಳು. ಆ ಸಂಜೆ ಮೀನು ಹುರಿದು ಮಾ ಕ್ಲೋತಿಲ್‌ಗೂ ಬಡಿಸಿದಳು. ಗಂಡನ ತಟ್ಟೆಗೆ ಬೇಯಿಸಿದ ಬಾಳೆಕಾಯಿ ಹಾಕಿದಳು.

"ಅವಳಿಗೋಸ್ಕರ ಬಿಟ್ಟಿದ್ದನ್ನ ನನಗೋಸ್ಕರ ತಿನ್ನಬೇಡ."

ವ್ಯಾನಿನಲ್ಲಿ ಆ ಕತೆ ಹೇಳುವುದಕ್ಕೂ ಅಡ್ಡಿ ಹಾಕಿದಳು. ಸತ್ತವಳ ಹೆಸರಿನಲ್ಲಿ ದುಡ್ಡು ಮಾಡಬಾರದು ಎಂದು. ಟಿಪ್ಸ್ ಇಳಿಯಿತು.

ನವೆಂಬರಿನಲ್ಲಿ ಸತ್ತವರ ಹಬ್ಬ ಬಂತು. ಎಲ್ಲರೂ ಸಮಾಧಿಗಳಿಗೆ ಮೇಣದಬತ್ತಿ ಹಚ್ಚುವ ದಿನ. ಪಾಪ, ಅವಳಿಗೆ ಸಮಾಧಿಯೂ ಇಲ್ಲವಲ್ಲ ಎಂದು ಸಿದೋನಿ ಗಂಡನನ್ನು ಕನಾರಿಯ ತಿರುವಿಗೆ ಹೊರಡಿಸಿದಳು. ಸೂರ್ಯ ಇಳಿಯುವ ಹೊತ್ತಿಗೆ ಇಬ್ಬರೂ ಕರಿ ಬಂಡೆಯ ಮೇಲೆ ಮೇಣದಬತ್ತಿ ಹಿಡಿದು ನಿಂತರು. ಎಂದೂ ಇಲ್ಲದವಳಿಗಾಗಿ ಇಪೊಲಿತ್ ಪ್ರಾರ್ಥನೆ ಮಾಡಿದ. ಬೇರೆ ದಾರಿ ಇರಲಿಲ್ಲ, ಹೆಂಡತಿ ಅವನ ತುಟಿಯನ್ನೇ ನೋಡುತ್ತಿದ್ದಳು.

ಮೇಲೆ ರಸ್ತೆಯಲ್ಲಿ ಒಂದು ವ್ಯಾನು ನಿಧಾನವಾಗಿ ಬಂದು ನಿಂತಿತು. ವಿನ್ಸ್ಲೋನದು. ಅವನು ಮಾರ್ಟಿನಿಕ್‌ನಿಂದ ಈಜಿ ಬರುವ ಕತೆಯನ್ನು ಬಿಟ್ಟಿದ್ದ.

"ನೋಡಿ, ನಾನು ಹೇಳಿದ್ದು ಇವನನ್ನೇ," ಎಂಬ ದನಿ ಕೆಳಗಿನ ತನಕ ಕೇಳಿಸಿತು. "ಇವತ್ತಿಗೂ ಮರೆತಿಲ್ಲ."

ಕಿಟಕಿಗಳಲ್ಲಿ ಹ್ಯಾಟುಗಳು ತಲೆಯಿಂದ ಇಳಿದವು. ಒಬ್ಬ ಮುದುಕಿ ಕಣ್ಣೊರೆಸಿಕೊಂಡಳು. ಅದು ನನ್ನ ಕತೆ ಕಣೋ ಎಂದು ಕೂಗಲು ಇಪೊಲಿತ್ ಬಾಯಿ ತೆರೆದ. ಆದರೆ ಒಬ್ಬನ ಕತೆಯನ್ನು ಇನ್ನೊಬ್ಬ ಮುರಿಯುವಂತಿಲ್ಲ. ಬಾಯಿ ಮುಚ್ಚಿ ತಲೆ ತಗ್ಗಿಸಿದ. ಸ್ವಲ್ಪ ಹೊತ್ತು ನೋಡಿ, ಕಟ್ಟುಪಾಡಿಗೆಂದು ತೋಳಿನಿಂದ ಕಣ್ಣನ್ನೂ ಒರೆಸಿಕೊಂಡ.

ಪಕ್ಕದಲ್ಲಿರುವ ಹೆಂಗಸು ಯಾರೆಂದು ಯಾರೋ ಕೇಳಿದಂತಿತ್ತು.

"ಎರಡನೇ ಹೆಂಡತಿ," ಎಂದ ವಿನ್ಸ್ಲೋ. "ಒಳ್ಳೆಯವಳೇ ಅಂತಾರೆ. ಆದ್ರೂ ಆ ಮೊದಲನೆಯವಳ ಹಾಗೆ ಎಲ್ಲಿ."

ಸಿದೋನಿ ತನ್ನ ಕೈಯ ಮೇಣದಬತ್ತಿಯನ್ನು ಉಫ್ ಎಂದು ಊದಿ ಆರಿಸಿದಳು. ಮನೆಗೆ ಹೋದ ಮೇಲೆ ಬಾಳೆಕಾಯಿಯಾದರೂ ಸಿಕ್ಕೀತು ಎಂಬ ಭರವಸೆ ಇಪೊಲಿತ್‌ಗೆ ಉಳಿಯಲಿಲ್ಲ.