ಚಿಕ್ಕಪ್ಪ ಕಾಯುವ ಚುಕ್ಕೆಗಳು

ಇನ್ನು ಅರ್ಧ ಗಂಟೆಗೆ ನಾನೆಲ್ಲಿರುತ್ತೇನೆ ಎಂಬುದು ನನಗಿಂತ ಮೊದಲು ನಮ್ಮ ಚಿಕ್ಕಪ್ಪನಿಗೆ ಗೊತ್ತಿರುತ್ತದೆ. ಜ್ಯೋತಿಷಿ ಎಂದುಕೊಂಡಿರಾ? ಜಾತಕ ಎಂದರೆ ಉರಿದುಬೀಳುವ ಮನುಷ್ಯ! ಅವರಿಗೆ ಬೇಕಾದದ್ದು ಒಂದು ಮೊಬೈಲು, ಅದರ ನಕ್ಷೆಯಲ್ಲಿ ಇರುವೆಗಳಂತೆ ಹರಿದಾಡುವ ನಮ್ಮೆಲ್ಲರ ಚುಕ್ಕೆಗಳು, ಅಷ್ಟೇ.

ಸೋಂಪುರದ ಕಾರ್ಖಾನೆಯೊಂದರಲ್ಲಿ ಕಾರ್ಮಿಕರ ಬಸ್ಸುಗಳ ಉಸ್ತುವಾರಿ ನೋಡಿಕೊಂಡು ನಿವೃತ್ತರಾದವರು. ಯಾರು ಯಾವ ತಿರುವಿನಲ್ಲಿ ಎಷ್ಟು ಹೊತ್ತಿಗೆ ನಿಂತಿರುತ್ತಾರೆ ಎಂದು ಊಹಿಸಿ ಊಹಿಸಿ ತಲೆ ಅದಕ್ಕೇ ಒಗ್ಗಿಹೋಗಿದೆ. ಬಸ್ಸು ಹೋಯಿತು, ಚಟ ಹೋಗಲಿಲ್ಲ! ರಾಜಘಟ್ಟದ ಪಕ್ಕದ ನಮ್ಮೂರಿಗೆ ಬಂದವರೇ ಮನೆಮಂದಿಗೆಲ್ಲ ಕಟ್ಟಪ್ಪಣೆ ಹೊರಡಿಸಿದರು: ದಿನವಿಡೀ ಲೊಕೇಶನ್ ಹಾಕಿರಬೇಕು. ಹಾಕದವರಿಗೆ ಭಾನುವಾರ ನಾಟಿಕೋಳಿ ಸಾರಿಲ್ಲ! ಖಾಸಗಿ ಬದುಕು ದೊಡ್ಡದೋ, ನಾಟಿಕೋಳಿ ಸಾರು ದೊಡ್ಡದೋ? ಅರ್ಧ ನಿಮಿಷ ಯೋಚಿಸಿ ಎಲ್ಲರೂ ಹಾಕಿದೆವು.

ಒಂದು ಸಂಜೆ ದೊಡ್ಡಬಳ್ಳಾಪುರದ ಕಾಲೇಜಿನಲ್ಲಿ ಪಾಠ ಮುಗಿಸಿ ಬೈಕಿನ ಬಳಿ ಬಂದಿದ್ದೆ. ಚಿಕ್ಕಪ್ಪನ ಫೋನು ಬಂತು.

"ಲೇ, ಬೋಂಡದಂಗಡಿ ಕಡೆ ತಿರುಗ್ಬೇಡ. ಇವತ್ತು ಅಮಾವಾಸ್ಯೆ, ಅವ್ನು ಬಾಗ್ಲು ಹಾಕಿರ್ತಾನೆ. ಸುಮ್ನೆ ಮನೆಗ್ ಬಾ."

ನಾನಿನ್ನೂ ಬೈಕಿಗೆ ಕೀ ಕೂಡ ಹಾಕಿರಲಿಲ್ಲ! ಹೋಗಲಿ ಎಂದರೆ, ಬೋಂಡ ಬಿಟ್ಟು ತಿಂಗಳಾಯಿತೆಂದು ಹೆಂಡತಿಗೆ ಹೇಳಿದ್ದೆ. ಚಿಕ್ಕಪ್ಪ ಸ್ಪೀಕರ್ ಹಾಕಿ ಮಾತಾಡುತ್ತಿದ್ದರು. ಅವಳು ಅವರ ಪಕ್ಕದಲ್ಲೇ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು.

ಹಾಗೆಂದು ಅವರು ತಪ್ಪುವುದೇ ಇಲ್ಲವೆ? ತಪ್ಪುತ್ತಾರೆ, ಭರ್ಜರಿಯಾಗಿ ತಪ್ಪುತ್ತಾರೆ! ಒಂದು ಬೆಳಿಗ್ಗೆ ಜಗಲಿಯಿಂದ ಕೂಗಿದರು. "ಲೋ, ಬಾರೋ ಇಲ್ಲಿ! ನಿಮ್ ಚಿಕ್ಕಮ್ಮ ದೇವನಹಳ್ಳಿ ದಾಟವ್ಳೆ! ಏರ್‌ಪೋರ್ಟಿಗೇ ಹೋಗ್ತಾವ್ಳೆ ಕಣೋ!"

"ರಾತ್ರಿ ಜಗಳ ಏನಾದ್ರೂ ಆಯ್ತಾ ಚಿಕ್ಕಪ್ಪ?"

"ಸಾರಿಗೆ ಉಪ್ಪು ಜಾಸ್ತಿ ಅಂದೆ. ಅದಕ್ಕೆ ವಿಮಾನ ಹತ್ತೋದಾ?"

ಹಿಂದಿನಿಂದ ಕಾಫಿ ಲೋಟ ಹಿಡಿದು ಬಂದ ಚಿಕ್ಕಮ್ಮ ಕೇಳಿದರು: "ಯಾರ್ರೀ ಅದು ವಿಮಾನ ಹತ್ತೋರು?"

ತೋಟದ ಗುಲಾಬಿಯನ್ನು ಟೆಂಪೋಗೆ ತುಂಬುವಾಗ ಚಿಕ್ಕಮ್ಮನ ಫೋನು ಹೂವಿನ ಕ್ರೇಟಿನೊಳಗೆ ಜಾರಿತ್ತು. ಮಧ್ಯಾಹ್ನದ ಹೊತ್ತಿಗೆ ಏರ್‌ಪೋರ್ಟ್ ಪಕ್ಕದ ದೊಡ್ಡ ಹೋಟೆಲೊಂದನ್ನು ನೋಡಿಕೊಂಡು, ಘಮಘಮಿಸುತ್ತಾ ವಾಪಸು ಬಂತು.

ಇಷ್ಟನ್ನೆಲ್ಲ ನಗುತ್ತಾ ಹೇಳಿದ್ದು ಧೈರ್ಯ ತಂದುಕೊಳ್ಳಲು. ಕಳೆದ ವಾರದ ಸಂಜೆಯನ್ನು ಹೇಳಬೇಕಲ್ಲ.

ಜಗಲಿಯಲ್ಲಿ ಕೂತು ಕಡಲೆಕಾಯಿ ತಿನ್ನುತ್ತಿದ್ದೆವು. ಮೊಬೈಲು ನೋಡುತ್ತಿದ್ದ ಚಿಕ್ಕಪ್ಪನ ಕೈ ನಿಂತಿತು.

"ತೋಟದ ಹೊಂಡದ ಹತ್ರ ನಾಲ್ಕು ನಿಮಿಷಕ್ಕಿಂತ ಜಾಸ್ತಿ ನಿಲ್ಲಲ್ಲ ನಿಮ್ ಚಿಕ್ಕಮ್ಮ. ಕಾಲು ತೊಳ್ಕೊಂಡು ಬಂದ್ಬಿಡ್ತಾಳೆ. ಈಗ ಒಂಬತ್ತು ನಿಮಿಷ ಆಯ್ತು."

"ಮತ್ತೆ ಫೋನ್ ಬೀಳಿಸಿರ್ತಾರೆ ಬಿಡಿ."

"ಫೋನ್ ಮಾತ್ರ ಬಿದ್ದಿದ್ರೆ ಅವ್ಳು ಇಲ್ಲಿರ್ಬೇಕಿತ್ತಲ್ಲೋ? ಹಾಲು ಕರೆಯೋ ಹೊತ್ತು!"

ಎದ್ದವರೇ ಕೊಟ್ಟಿಗೆಗೆ ನುಗ್ಗಿ, ಹಸು ಮೇಯಲು ಕಟ್ಟುವ ಉದ್ದನೆಯ ಹಗ್ಗ ಬಿಚ್ಚಿಕೊಂಡು ತೋಟಕ್ಕೆ ಓಡಿದರು. "ಚಿಕ್ಕಮ್ಮನ್ನ ಕಟ್ಟಾಕ್ಕೊಂಡ್ ಬರ್ತೀರಾ?" ಎಂದು ನಗುತ್ತಾ ನಾನೂ ಹಿಂದೆ ಹೋದೆ. ಎಂ.ಎಸ್ಸಿ. ಓದಿದವನು! ಆ ನಗುವನ್ನು ವಾಪಸು ಪಡೆಯುವ ದಾರಿ ಗೊತ್ತಿದ್ದವರು ದಯವಿಟ್ಟು ಹೇಳಿ.

ಕೃಷಿ ಹೊಂಡದ ಏರಿಯ ಮೇಲೆ ಚಪ್ಪಲಿಯಿತ್ತು, ಫೋನಿತ್ತು. ಕೆಳಗೆ ಕತ್ತಿನವರೆಗೆ ನೀರಿನಲ್ಲಿ ಮುಳುಗಿ ಚಿಕ್ಕಮ್ಮ ಪಂಪಿನ ಪೈಪು ಹಿಡಿದು ಜೋತುಬಿದ್ದಿದ್ದರು. ಕೂಗಿ ಕೂಗಿ ದನಿ ಸತ್ತಿತ್ತು. ನೀರು ಇಂಗದಿರಲೆಂದು ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಪಾಚಿಗಟ್ಟಿ ಜಾರುತ್ತದೆ. ಹತ್ತಲು ಕಾಲೂರಿದಷ್ಟೂ ಒಳಕ್ಕೇ ಎಳೆಯುತ್ತದೆ. ಪೈಪು ಕೂಡ ಇಂಚಿಂಚಾಗಿ ಕೆಳಗೆ ಸರಿಯುತ್ತಿತ್ತು.

ನಾನು ಇಳಿಯಲು ಹೋದೆ. ಚಿಕ್ಕಪ್ಪ ಅಂಗಿ ಹಿಡಿದು ಹಿಂದಕ್ಕೆಳೆದರು. "ಇಳೀಬೇಡ! ಇಳಿದ್ರೆ ಇಬ್ರೂ ಬರಲ್ಲ!"

ಹಗ್ಗ ಎಸೆದರು. ದೂರ ಬಿತ್ತು. ಮತ್ತೆ ಎಸೆದರು. ಮೂರನೇ ಸಲಕ್ಕೆ ಚಿಕ್ಕಮ್ಮನ ಕೈಗೆ ಸಿಕ್ಕಿತು. "ಸೊಂಟಕ್ಕೆ ಸುತ್ಕೋ. ಇನ್ನೊಂದ್ ಸುತ್ತು. ಹ್ಞಾಂ, ಗಟ್ಟಿಯಾಗಿ." ಇಬ್ಬರೂ ಹಿಮ್ಮಡಿ ಊರಿ ಎಳೆದೆವು.

ಏರಿಯ ಮೇಲೆ ಬಿದ್ದುಕೊಂಡು, ನೀರು ಕಕ್ಕಿ, ಉಸಿರು ಬಂದ ಮೇಲೆ ಚಿಕ್ಕಮ್ಮ ಆಡಿದ ಮೊದಲ ಮಾತು: "ಹಾಲ್ ಕರೆದ್ರಾ?"

ನಾನು ನಕ್ಕೆನೋ ಅತ್ತೆನೋ ಗೊತ್ತಿಲ್ಲ.

"ನಾನ್ ಬಿದ್ದಿದ್ದು ನಿಮ್ಗೆ ಹೆಂಗ್ರೀ ಗೊತ್ತಾಯ್ತು?" ಎಂದು ಕೇಳಿದರು. ಸರಿ, ಇನ್ನು ಒಂದು ಗಂಟೆ ಕಾಲ ನಿಮಿಷ, ತಿರುವು, ಅಂದಾಜುಗಳ ಉಪನ್ಯಾಸ ಎಂದುಕೊಂಡೆ. ಚಿಕ್ಕಪ್ಪ ಹೆಗಲ ಮೇಲಿನ ಟವೆಲು ತೆಗೆದು ಅವರ ಒಂದು ಪಾದ ಒರೆಸಿದರು. ಇನ್ನೊಂದನ್ನು ತೊಡೆಯ ಮೇಲಿಟ್ಟುಕೊಂಡು ಹಾಗೇ ಹಿಡಿದು ಕೂತರು.

"ಗೊತ್ತಾಗ್ಲಿಲ್ಲ ಕಣೇ," ಎಂದರು. "ಭಯ ಆಯ್ತು."