ಲಾಡಿ ಗಿಡದ ತಪಾಸಣೆ

ನಮ್ಮ ಕಾಕಾನಷ್ಟು ಗಿಡಗಳನ್ನು ಪ್ರೀತಿಸಿದವರನ್ನು ನಾನು ಕಂಡಿಲ್ಲ. ಅವರಷ್ಟು ಗಿಡಗಳನ್ನು ಕೊಂದವರನ್ನೂ ಕಂಡಿಲ್ಲ. ಎರಡೂ ಕಾರ್ಯಗಳು ಒಂದೇ ಕೈಯಿಂದ, ಒಂದೇ ಚಿಮಟದಿಂದ, ಪ್ರತಿ ಭಾನುವಾರ ಬೆಳಿಗ್ಗೆ ಸರಿಯಾಗಿ ಒಂಬತ್ತಕ್ಕೆ ನೆರವೇರುತ್ತಿದ್ದವು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಈ ಪ್ರಬಂಧವೂ ತಪಾಸಣೆಗೆ ಒಳಗಾಗಿ, ‘ತಿರಸ್ಕೃತ’ ಎಂಬ ಮೊಹರಿನೊಂದಿಗೆ ಮೂರು ಪ್ರತಿಗಳಲ್ಲಿ ನನಗೆ ಮರಳಿ ಬರುತ್ತದೆ. ಅಷ್ಟು ಧೈರ್ಯ ನನಗಿಲ್ಲ!

ಕಾಕಾ ಹೈದರಾಬಾದಿನ ಒಂದು ರಕ್ಷಣಾ ಕಾರ್ಖಾನೆಯಲ್ಲಿ ತಪಾಸಣಾ ವಿಭಾಗದ ಅಧಿಕಾರಿ. ಅಲ್ಲಿ ಏನು ತಯಾರಾಗುತ್ತದೆ ಎಂಬುದು ದೇಶದ ಗುಟ್ಟು. ಆ ಗುಟ್ಟನ್ನು ಅವರು ಕಾಕೂಗೂ ಹೇಳಿರಲಿಲ್ಲ. ಕಾಕೂಗೆ ಗೊತ್ತಿದ್ದುದು ಇಷ್ಟೇ: ಅಲ್ಲಿ ಏನು ತಯಾರಾದರೂ ತಮ್ಮ ಗಂಡ ಅದನ್ನು ವಾಪಸು ಕಳಿಸುತ್ತಾರೆ. ನಾನಾದರೋ ದಿಲ್‌ಸುಖ್‌ನಗರದ ಅವರ ಎರಡನೇ ಮಹಡಿಯ ಮನೆಯಲ್ಲಿ ಉಳಿದುಕೊಂಡು, ದಿನಾ ಬಸ್ಸು ಹಿಡಿದು ಅಮೀರ್‌ಪೇಟೆಗೆ ಹೋಗಿ, ಒಂದು ತರಬೇತಿ ಸಂಸ್ಥೆಯಲ್ಲಿ ಕಂಪ್ಯೂಟರ್ ಭಾಷೆ ಕಲಿಸುತ್ತಿದ್ದೆ. ನನಗೆ ಅದು ಬರುತ್ತಿತ್ತೆಂದು ದಯವಿಟ್ಟು ತಿಳಿಯಬೇಡಿ. ಆ ವರ್ಷಗಳಲ್ಲಿ ವಿದ್ಯಾರ್ಥಿಗಿಂತ ಒಂದು ಅಧ್ಯಾಯ ಮುಂದಿದ್ದವನು ಗುರು. ಎರಡು ಅಧ್ಯಾಯ ಮುಂದಿದ್ದವನು ಆಗಲೇ ವಿಮಾನ ಹತ್ತಿರುತ್ತಿದ್ದ.

ಕಾಕೂ ವಿಜಾಪುರದವರು. ತವರುಮನೆಯ ಹತ್ತಿರ ಒಂದು ಬಾವಡಿ. ಹುಡುಗಿಯಾಗಿದ್ದಾಗ ಅದರ ಮೆಟ್ಟಿಲ ಮೇಲೆ ಕೂತು ಮೀನುಗಳಿಗೆ ಚುರಮುರಿ ಹಾಕುವುದು ಅವರ ನಿತ್ಯದ ಕೆಲಸವಾಗಿತ್ತಂತೆ. ಹೈದರಾಬಾದಿನಲ್ಲಿ ಕಾಕಾ ಕಾರ್ಖಾನೆಗೆ, ನಾನು ಅಮೀರ್‌ಪೇಟೆಗೆ ಹೋದಮೇಲೆ ಮನೆಯಲ್ಲಿ ಉಳಿಯುವವರು ಅವರು ಮತ್ತು ಗೋಡೆ ಗಡಿಯಾರ. ಒಂದು ದಿನ ಊಟಕ್ಕೆ ಬಡಿಸುತ್ತ ಅಂದರು:

“ಏನ್ರಿ, ಒಂದು ಗಾಜಿನ ತೊಟ್ಟಿ ತರ್ರಿ. ನಾಕು ಮೀನ ಇದ್ರ ಮಧ್ಯಾಹ್ನ ಮಾತಾಡ್ಸಾಕ ಆಗತೈತಿ.”

ಕಾಕಾ ಮಾರನೆಯ ದಿನವೇ ತೊಟ್ಟಿ ತಂದರು. ನೋಡಿ, ಪ್ರೀತಿಯಲ್ಲಿ ಕೊರತೆ ಎಲ್ಲಿಯೂ ಇರಲಿಲ್ಲ! ಆದರೆ ತೊಟ್ಟಿ ಬಂದ ದಿನವೇ ಆದೇಶವೂ ಹೊರಬಿತ್ತು. “ಮೊದ್ಲ ಗಿಡಾ ನಾಟ್ಕೋಬೇಕು. ಬೇರ ಹಿಡೀಬೇಕು. ಪಾಸ್ ಆಗಬೇಕು. ಆಮ್ಯಾಲ ಮೀನ.” ಕಾಕೂ ಸರಿ ಎಂದು ಒಂದು ಡಬ್ಬಿ ತುಂಬ ಚುರಮುರಿ ತುಂಬಿ ತೊಟ್ಟಿಯ ಪಕ್ಕದಲ್ಲಿ ಇಟ್ಟರು. ಚುರಮುರಿ ಮೆತ್ತಗಾಯಿತು. ಹೊಸದು ತುಂಬಿದರು. ಅದೂ ಮೆತ್ತಗಾಯಿತು. ಹೀಗೆ ಐದು ವರ್ಷ! ಮೆತ್ತಗಾದದ್ದಕ್ಕೆ ಎಣ್ಣೆ, ಉಳ್ಳಾಗಡ್ಡಿ, ಖಾರದಪುಡಿ ಹಚ್ಚಿ ನನಗೆ ಕೊಡುತ್ತಿದ್ದರು. ಮೀನಿನ ಪಾಲಿನ ಅನ್ನ ತಿಂದು ಹೊಟ್ಟೆ ಬೆಳೆಸಿದವನು ನಾನು, ಋಣ ದೊಡ್ಡದು.

ಗಿಡಗಳನ್ನು ಕೊಳ್ಳಲು ನಾವು ಹೋಗುತ್ತಿದ್ದುದು ಅಬಿಡ್ಸ್‌ನ ಓಣಿಯೊಂದರ ಅಂಗಡಿಗೆ. ಕಾಕಾ ಭೂತಗನ್ನಡಿ ಹಿಡಿದು ಒಂದೊಂದೇ ಎಲೆಯ ಹಿಂದುಮುಂದು ನೋಡುತ್ತಿದ್ದರೆ, ಗಿರಾಕಿಗಳು ಇವರನ್ನು ಸರಕಾರದ ಯಾವುದೋ ಇಲಾಖೆಯವರೆಂದು ತಿಳಿದು ಮೆಲ್ಲಗೆ ಜಾರಿಕೊಳ್ಳುತ್ತಿದ್ದರು. ಒಮ್ಮೆ ಅಂಗಡಿಯವನು ಕೆಂಪು ಗೆರೆಗಳ ಒಂದು ಭರ್ಜರಿ ಗಿಡವನ್ನು ಎತ್ತಿಕೊಟ್ಟ. “ಪಾನೀಕಾಚ್ ಝಾಡ್ ಹೈ ಅಂಕಲ್, ಟೆನ್ಷನ್ ನಕ್ಕೋ!” ಅಂದರೆ ಇದು ನೀರಿನದೇ ಗಿಡ, ಚಿಂತೆ ಬೇಡ ಎಂದು ಅಭಯ. ಗಿಡ ನೀರಿನಲ್ಲಿ ನಾಲ್ಕು ವಾರ ಠೀವಿಯಿಂದ ನಿಂತಿತು; ಐದನೆಯ ವಾರ ಕೊಳೆತು ನಾರಿತು. ಆಮೇಲೆ ಅದೇ ಜಾತಿಯ ಗಿಡವನ್ನು ನಾನು ನಮ್ಮ ಸಂಸ್ಥೆಯ ಬಾಗಿಲ ಬಳಿ ಕಂಡೆ: ಕುಂಡದಲ್ಲಿ, ಒಣ ಮಣ್ಣಿನಲ್ಲಿ, ಪರಮ ಸುಖಿಯಾಗಿ!

ನೆಲದ ಗಿಡವನ್ನು ನೀರಿನ ಗಿಡವೆಂದು ಮಾರುವ ವಿದ್ಯೆ ಅಮೀರ್‌ಪೇಟೆಯವನಾದ ನನಗೆ ಹೊಸದೇನಲ್ಲ. ಮೊನ್ನೆ ಮೊನ್ನೆ ಕೀಲಿಮಣೆ ಮುಟ್ಟಿದವರನ್ನು ‘ಮೂರು ವರ್ಷದ ಅನುಭವಿ’ ಎಂದು ನಾವೂ ಕಳಿಸಿಕೊಡುತ್ತಿದ್ದೆವು. ಅವರೂ ನಾಲ್ಕು ವಾರ ಹಸಿರಾಗಿಯೇ ನಿಲ್ಲುತ್ತಿದ್ದರು. ಕಾಕಾ ಮಾತ್ರ ಸುಮ್ಮನಿರಲಿಲ್ಲ. ಕಾರಣಸಹಿತ ತಿರಸ್ಕಾರಪತ್ರವನ್ನು ಮೂರು ಪ್ರತಿಗಳಲ್ಲಿ ಒಯ್ದು ಕೊಟ್ಟರು. ಅಂಗಡಿಯವನು ಭಕ್ತಿಯಿಂದ ತೆಗೆದುಕೊಂಡು, ನಮ್ಮ ಕಣ್ಣೆದುರೇ ಮೊದಲ ಪ್ರತಿಯಲ್ಲಿ ಇನ್ನೊಬ್ಬ ಗಿರಾಕಿಗೆ ಮೀನಿನ ತಿಂಡಿ ಕಟ್ಟಿಕೊಟ್ಟ. ಅಂದಿನಿಂದ ಓಣಿಯ ತುದಿಯಲ್ಲಿ ಕಾಕಾ ಕಂಡರೆ ಸಾಕು, ಅವನ ಅಂಗಡಿಯ ಶಟರು ಅರ್ಧಕ್ಕೆ ಇಳಿಯುತ್ತಿತ್ತು.

ತಂದ ಗಿಡ ನೇರವಾಗಿ ತೊಟ್ಟಿಗೆ ಇಳಿಯುವಂತಿಲ್ಲ. ಬಚ್ಚಲಮನೆಯ ಬಕೀಟಿನಲ್ಲಿ ಪರ್ಮಾಂಗನೇಟ್ ಹಾಕಿದ ನೇರಳೆ ನೀರಿನಲ್ಲಿ ಮಿಂದು, ‘ತಡೆಹಿಡಿಯಲಾಗಿದೆ’ ಎಂಬ ಚೀಟಿ ಕಟ್ಟಿಸಿಕೊಳ್ಳಬೇಕು. ಮನೆಗೆ ಇದ್ದದ್ದು ಒಂದೇ ಬಚ್ಚಲಮನೆ. ಒಂದು ಬೆಳಿಗ್ಗೆ ಬಸ್ಸಿನ ಗಡಿಬಿಡಿಯಲ್ಲಿ, ಸೋಪಿನಿಂದ ಕಣ್ಣು ಮುಚ್ಚಿದ್ದ ನಾನು ಕೈಗೆ ಸಿಕ್ಕ ಬಕೀಟಿನಿಂದ ನಾಲ್ಕು ತಂಬಿಗೆ ಸುರಿದುಕೊಂಡೆ. ಕಣ್ಣು ಬಿಟ್ಟಾಗ ಕಂದು ಕಲೆಗಳ ಹೊಸ ಪ್ರಾಣಿಯೊಂದು ಕನ್ನಡಿಯಲ್ಲಿತ್ತು, ಭುಜದ ಮೇಲೊಂದು ಹಸಿರು ಎಲೆ. ನನ್ನ ಕೂಗಿಗೆ ಓಡಿಬಂದ ಕಾಕಾ ಮೊದಲು ಎಲೆಯನ್ನು ಎತ್ತಿಕೊಂಡರು. ಆಮೇಲೆ ನನ್ನನ್ನು ಆಪಾದಮಸ್ತಕ ನೋಡಿ, “ತಮ್ಮಾ, ಹತ್ತು ನಿಮಿಷ ಅದ್ರಾಗ ಮುಳಗಿರಬೇಕಿತ್ತು. ಮ್ಯಾಲ ಸುರಕೊಂಡ್ರ ನೀ ಪಾಸ್ ಆಗೂದಿಲ್ಲ” ಅಂದರು.

ಮೀನಿಲ್ಲದ ತೊಟ್ಟಿ ಬಂದವರಿಗೆಲ್ಲ ಒಂದು ಒಗಟಾಗಿತ್ತು. ಎದುರುಮನೆಯ ರಾಯರ ಮಗನಿಗೆ ಮಾಧಾಪುರದ ಗಾಜಿನ ಕಟ್ಟಡವೊಂದರಲ್ಲಿ ಹೊಸದಾಗಿ ಕೆಲಸವಾಗಿತ್ತು. ಆ ಕಾಲದಲ್ಲಿ ಕಂಪನಿ ತೆರೆಯಲು ಕೆಲಸವಿರಬೇಕೆಂಬ ಕಟ್ಟಳೆಯೇನೂ ಇರಲಿಲ್ಲ. ಬಾಗಿಲೊಳಗೆ ಒಂದು ಮೀನಿನ ತೊಟ್ಟಿ ಇದ್ದರೆ ಸಾಕಿತ್ತು. ರಾಯರು ಬಂದಾಗಲೆಲ್ಲ ನಮ್ಮ ತೊಟ್ಟಿಗೆ ಮೂಗು ಹಚ್ಚಿ ನೋಡಿ, “ಚೇಪಲು ಏವಿ ಸಾರ್?” ಎಂದು ಕೇಳುವರು. ಅಂದರೆ, ಮೀನೆಲ್ಲಿ?

“ನಿಮ್ಮ ಮಗನ ಕಂಪನಿಯೊಳಗ ಎಷ್ಟದಾವ?” ಎಂದು ಕಾಕಾ ತಮ್ಮ ತೆಲುಗಿನಲ್ಲಿ ತಿರುಗಿ ಕೇಳುವರು.

“ಬಹಳ ಇವೆ ಸಾರ್! ಬಣ್ಣ ಬಣ್ಣದವು!”

“ಗಿಡಾ?”

“ಪ್ಲಾಸ್ಟಿಕ್ಕಿನವು ಸಾರ್.”

ಕಾಕಾ ನನ್ನ ಕಡೆ ತಿರುಗಿ ಕನ್ನಡದಲ್ಲಿ ತೀರ್ಪು ಕೊಡುವರು: “ಆ ಕಂಪನಿ ನಿಲ್ಲೂದಿಲ್ಲ.” ಅಲ್ಲಿ ಮೀನು ನಿಜ, ಗಿಡ ಸುಳ್ಳು, ಇಲ್ಲಿ ಗಿಡ ನಿಜ, ಮೀನು ಕನಸು. ಒಂದೂವರೆ ವರ್ಷದಲ್ಲಿ ಆ ಕಂಪನಿ ನಿಜಕ್ಕೂ ಮುಚ್ಚಿತು ಎಂಬುದನ್ನು ಇಲ್ಲಿ ಹೇಳಬಾರದಿತ್ತು. ಕಾಕಾ ಅದನ್ನು ಇವತ್ತಿಗೂ ಹೇಳುತ್ತಾರೆ.

ಈಗ ಭಾನುವಾರಕ್ಕೆ ಬರೋಣ. ಒಂಬತ್ತು ಗಂಟೆಗೆ ಕಾಕಾ ಲುಂಗಿಯ ಮೇಲೆ ಇಸ್ತ್ರಿಯ ಅಂಗಿ ತೊಟ್ಟು, ಚಿಮಟ, ಸ್ಟೀಲ್ ತಾಟು, ವರ್ನಿಯರ್ ಕ್ಯಾಲಿಪರುಗಳೊಂದಿಗೆ ತೊಟ್ಟಿಯ ಮುಂದೆ ಆಸೀನರಾಗುವರು. ಪಕ್ಕದಲ್ಲಿ ರಜಿಸ್ಟರು ಹಿಡಿದು ಕಾಕೂ. ಅಳೆಯುವವನೇ ಬರೆಯಕೂಡದು ಎಂಬುದು ಕಾರ್ಖಾನೆಯ ನಿಯಮ. ಹಾಗಾಗಿ ಬರೆಯುವ ಅಧಿಕಾರ ಕಾಕೂರದು. ರಜಿಸ್ಟರಿನ ಮೊದಲ ಪುಟದಲ್ಲಿ ಅವರ ಮಾದರಿ ಸಹಿ ಕೂಡ ಇತ್ತು! ಕಾಕಾ ಒಂದೊಂದೇ ಗಿಡವನ್ನು ಮರಳಿನಿಂದ ಕಿತ್ತು, ತಾಟಿನಲ್ಲಿ ಮಲಗಿಸಿ, ಬೇರು ಅಳೆದು, ಮತ್ತೆ ನೆಡುವರು. ಅಗಲವಾದ ಪಟ್ಟಿಯಂಥ ಎಲೆಗಳ ಗಿಡವೊಂದಕ್ಕೆ ಅಂಗಡಿಯಲ್ಲಿ ವ್ಯಾಲಿಸ್ನೇರಿಯಾ ಎಂಬ ಭಾರೀ ಹೆಸರಿತ್ತು. ಕಾಕೂ ಅದನ್ನು ಕಂಡ ಕೂಡಲೆ “ಇದು ಲಾಡಿ” ಅಂದರು. ರಜಿಸ್ಟರಿನಲ್ಲೂ ಹಾಗೆಯೇ ದಾಖಲಾಯಿತು.

“ನಮೂನೆ ಒಂದು. ಲಾಡಿ. ಬೇರು ನಾಕೂವರಿ ಮಿಲಿಮೀಟರ್. ಬಣ್ಣ ಸಂಶಯಾಸ್ಪದ. ಬರದ್ಯಾ?”

“ಬರದೆ. ಸಂಶಯ ನಿಮಗೈತಿ, ಗಿಡಕ್ಕಿಲ್ಲ. ಹ್ವಾದ ವಾರ ಆರಿತ್ತಲ್ರಿ?”

“ಹಂಗಾರ ಕಡಿಮಿ ಆಗೈತಿ. ಬರಿ, ಅತೃಪ್ತಿಕರ.”

“ಕಿತ್ತು ಕಿತ್ತು ನೋಡಿದ್ರ ಬೇರ ಹ್ಯಾಂಗ ಹಿಡಿತಾವ್ರಿ?”

“ಕಿತ್ತು ನೋಡದ ಬೇರ ಹಿಡದಾವಂತ ಹ್ಯಾಂಗ ತಿಳಿತೈತಿ?”

ಎರಡೂ ಪ್ರಶ್ನೆಗಳು ಸಮಾನ ತೂಕದವು. ಐದು ವರ್ಷ ವಾದ ನಡೆಯಿತು, ತೀರ್ಪು ಬರಲಿಲ್ಲ. ಹೇಗೋ ಕೆಲವು ವಾರ ತಡೆದುಕೊಂಡ ಗಿಡವೂ ಕೊನೆಗೆ ಭಾನುವಾರ ನೆಟ್ಟರೆ ಬುಧವಾರ ತೇಲುತ್ತಿತ್ತು, ಶುಕ್ರವಾರ ಹಳದಿಯಾಗುತ್ತಿತ್ತು, ಮುಂದಿನ ಭಾನುವಾರ ತಿರಸ್ಕೃತವಾಗುತ್ತಿತ್ತು. ಕಾಕೂ ಬೈಯುತ್ತಲೇ ಬರೆದರು, ಆದರೆ ಒಂದು ಭಾನುವಾರವೂ ತಪ್ಪಿಸಲಿಲ್ಲ. ವಾರದಲ್ಲಿ ಆ ಒಂದು ತಾಸು ಅವರಿಬ್ಬರೂ ಒಂದೇ ಕಡೆ ಕೂತಿರುತ್ತಿದ್ದರು ಎಂಬುದನ್ನು ನಾನು ಆಗ ಗಮನಿಸಿರಲಿಲ್ಲ.

ಹೀಗಿರಲು ವಿಜಾಪುರದಲ್ಲಿ ಕಾಕೂರ ತಂಗಿ ಅಂಗಳದಲ್ಲಿ ಜಾರಿ ಕಾಲು ಮುರಿದುಕೊಂಡರು. ನೋಡಿಕೊಳ್ಳುವವರಿಲ್ಲ. ಕಾಕೂ ಬಸ್ಸು ಹತ್ತಿದರು. ಹತ್ತುವ ಮೊದಲು ಹೊಸದಾಗಿ ತಂದ ಆರು ಲಾಡಿ ಗಿಡಗಳನ್ನು ತೋರಿಸಿ, “ನಾ ಬರೂತನಾ ಇವನ್ನರ ಬದುಕಿಸ್ರಿ. ಈ ಸಲ ಪಾಸ್ ಆಗದಿದ್ರ ನನಗ ಮೀನಽ ಬ್ಯಾಡ” ಅಂದರು. ಐದು ವರ್ಷದಲ್ಲಿ ಮೊದಲ ಸಲ ಅವರ ದನಿಯಲ್ಲಿ ನಗು ಇರಲಿಲ್ಲ.

ಮೊದಲ ಭಾನುವಾರ ಒಂಬತ್ತಕ್ಕೆ ಕಾಕಾ ಇಸ್ತ್ರಿ ಅಂಗಿ ತೊಟ್ಟು ಕೂತರು. ಚಿಮಟ ಎತ್ತಿದರು. ಪಕ್ಕಕ್ಕೆ ನೋಡಿದರು.

“ಕಾಕಾ, ನಾ ಬರೀತೀನ್ರಿ” ಎಂದೆ.

“ನಿನಗ ಅಧಿಕಾರ ಇಲ್ಲ” ಅಂದರು.

ಹತ್ತು ಗಂಟೆಯವರೆಗೆ ಸುಮ್ಮನೆ ಕೂತಿದ್ದು, ಚಿಮಟವನ್ನು ಒರೆಸಿ ಒಳಗಿಟ್ಟರು. ಆಮೇಲೆ ಉಪ್ಪಿಟ್ಟು ಮಾಡಿದರು. ರವೆಯನ್ನು ತೂಗಿ, ನೀರನ್ನು ಅಳೆದು, ನಿಯಮ ಪ್ರಕಾರ ಮಾಡಿದ ಆ ಉಪ್ಪಿಟ್ಟನ್ನು ಚಾಕುವಿನಿಂದ ಕೊಯ್ಯಬೇಕಾಯಿತು. ಪಾಸೋ ಫೇಲೋ ಎಂದು ನಾನು ಕೇಳಲಿಲ್ಲ.

ಎರಡನೆಯ ವಾರ ಇಬ್ಬರೂ ಎಸ್‌ಟಿಡಿ ಬೂತಿಗೆ ಹೋದೆವು. ಫೋನ್ ಇಲ್ಲದಿದ್ದರೂ ವಿಜಾಪುರಕ್ಕೆ ಕೇಳಿಸುವಂತೆ ಕಾಕಾ ಕೂಗಿದರು: “ಎಲುಬ ಕೂಡ್ಯಾವೇನು? ಪ್ಲಾಸ್ಟರ್ ಬಿಚ್ಚಿ ನೋಡಿದ್ರೇನು?”

ಕಾಕೂರ ಉತ್ತರ ರಿಸೀವರು ದಾಟಿ ನನಗೂ ಕೇಳಿಸಿತು. “ವಾರಕ್ಕೊಮ್ಮೆ ಬಿಚ್ಚಿ ನೋಡಿದ್ರ ಎಲುಬ ಕೂಡತಾವೇನ್ರಿ? ಡಾಕ್ಟರ್‌ಗ ಬುದ್ಧಿ ಐತಿ!”

ಕಾಕಾ ರಿಸೀವರನ್ನು ಇಟ್ಟರು. ಮನೆಗೆ ಬಂದರು. ಬಂದವರೇ ತೊಟ್ಟಿಯ ಮುಂದೆ ಕೈಕಟ್ಟಿ ನಿಂತರು, ಆಪಾದನೆ ಕೇಳಿಸಿಕೊಳ್ಳುವವರ ಹಾಗೆ.

ಗಿಡಗಳು ಮೊದಲು ಎಲೆ ಉದುರಿಸಿದವು. ಕಾಕಾನ ಬೆರಳು ತುಡಿಯುವುದು ನನಗೆ ಕಾಣುತ್ತಿತ್ತು. ಮುಟ್ಟಲಿಲ್ಲ. ನಾಲ್ಕನೆಯ ವಾರ ಒಂದು ಹೊಸ ಕುಡಿ. ಆರನೆಯ ವಾರ ಮರಳಿನಡಿಯಿಂದ ಬಳ್ಳಿ ಹಬ್ಬಿ, ಗೇಣು ದೂರದಲ್ಲಿ ಮರಿ ಗಿಡ, ಅದರಾಚೆ ಇನ್ನೊಂದು. ಎಂಟನೆಯ ವಾರಕ್ಕೆ ತೊಟ್ಟಿಯ ಹಿಂದಿನ ಗೋಡೆಯೇ ಕಾಣದಷ್ಟು ಹಸಿರು ಲಾಡಿಗಳು ನೀರಲ್ಲಿ ತೊನೆಯುತ್ತಿದ್ದವು!

ಕಾಕೂ ಬಂದವರು ಚೀಲವನ್ನು ಕೆಳಗಿಡದೆ ಹಾಗೇ ನಿಂತರು.

“ಯಾವಾಗ ತಂದ್ರಿ ಇವನ್ನ?”

“ತಂದಿಲ್ಲ. ಅವಽ ಆರು.”

“ಸುಳ್ಳ ಹೇಳಬ್ಯಾಡ್ರಿ. ರಜಿಸ್ಟರ್ ಎಲ್ಲೈತಿ?”

“ಅದು… ಆಮ್ಯಾಲ ನೋಡೀಯಂತ. ಮೊದ್ಲ ಚಾ ಕುಡಿ.”

ಕಾಕಾ ರಜಿಸ್ಟರು ಮುಚ್ಚಿಡುವುದೇ! ಕಾಕೂ ಹಾಸಿಗೆಯ ಕೆಳಗಿಂದ ತಾವೇ ಎಳೆದು ತೆಗೆದರು. ಭುಜದ ಹಿಂದಿನಿಂದ ನಾನೂ ಇಣುಕಿದೆ. ಕಾಕೂರ ಮುತ್ತಿನಂಥ ಅಕ್ಷರಗಳು ಮುಗಿದಲ್ಲಿ, ಕಾಗೆಕಾಲು ಗುಬ್ಬಿಕಾಲಿನಂಥ ಅಕ್ಷರಗಳಲ್ಲಿ ಎಂಟು ಭಾನುವಾರಗಳಿಗೆ ಎಂಟು ಸಾಲು, ಎಂಟೂ ಒಂದೇ:

‘ತಪಾಸಣೆ ಇಲ್ಲ. ಕಾರಣ: ಬರೆಯುವವರು ಊರಲ್ಲಿಲ್ಲ.’

ಕಾಕೂ ಎಂಟೂ ಸಾಲುಗಳನ್ನು ಓದಿದರು. ಒಂದೇ ಇದ್ದರೂ ಒಂದನ್ನೂ ಬಿಡದೆ. ಆಮೇಲೆ “ಅಕ್ಷರ ಭಾಳ ಕೆಟ್ಟದಾವ” ಎಂದು ಹೇಳಿ, ಮುಖ ತೊಳೆಯಲು ಬಚ್ಚಲಮನೆಗೆ ಹೋದವರು ಬೇಗ ಹೊರಗೆ ಬರಲಿಲ್ಲ.

ಅಂದು ಸಂಜೆಯೇ ಅಬಿಡ್ಸ್‌ಗೆ ಹೋದೆವು. ಕಾಕಾ ಕಂಡೊಡನೆ ಇಳಿಯತೊಡಗಿದ ಶಟರು, ಹಿಂದೆ ಬರುತ್ತಿದ್ದ ಕಾಕೂರನ್ನು ಕಂಡು ಅರ್ಧದಲ್ಲಿ ನಿಂತು ಮತ್ತೆ ಮೇಲೇರಿತು. ಕಾಕೂ ಆರು ಮೀನು ಆರಿಸಿದರು. ಕಾಕಾನ ಭೂತಗನ್ನಡಿ ಜೇಬಿನಲ್ಲೇ ಇತ್ತು.

ಮುಂದಿನ ಭಾನುವಾರ, ಒಂಬತ್ತು ಗಂಟೆ. ಇಸ್ತ್ರಿ ಅಂಗಿ, ಚಿಮಟ, ತಾಟು, ಎಲ್ಲವೂ ಬಂದವು. ಲಾಡಿಗಳ ನಡುವೆ ಮೀನುಗಳು ಸುಳಿಯುತ್ತಿದ್ದವು. ಕಾಕೂ ಒಂದು ಕೈಯಲ್ಲಿ ಚುರಮುರಿ, ಇನ್ನೊಂದರಲ್ಲಿ ಪೆನ್ನು ಹಿಡಿದು ಪಕ್ಕದಲ್ಲಿ ಕೂತರು.

“ಹೂಂ, ಹೇಳ್ರಿ. ಏನಂತ ಬರೀಲಿ?”

ಕಾಕಾ ಚಿಮಟವನ್ನು ತಾಟಿನಲ್ಲಿಟ್ಟರು.

“ಬರಿ. ತಪಾಸಣೆ ಇಲ್ಲ. ಕಾರಣ: ಬರೆಯುವವರು ಊರಿಂದ ಬಂದಿದ್ದಾರೆ.”