ಜೋನ್ ಆಂಟಿಯ ಮುತ್ತಜ್ಜನ ಊರು

ಕಂಪ್ಯೂಟರ್ ಕೆಲಸದವನು ತನ್ನ ಕೆಲಸ ಯಾವುದೆಂದು ನೆರೆಹೊರೆಗೆ ಬಾಯಿಬಿಡಬಾರದು. ಮೈಸೂರು ಬಿಟ್ಟು ಈ ಪರದೇಶದ ಹ್ಯಾಮಿಲ್ಟನ್ನಿಗೆ ಬಂದು ನಾನು ಕಲಿತ ಬುದ್ಧಿ ಇದು. ಕಲಿಯುವಷ್ಟರಲ್ಲಿ ಕಾಲ ಮಿಂಚಿತ್ತು. ಪಕ್ಕದ ಮನೆಯ ಜೋನ್ ಆಂಟಿ, ಎಂಬತ್ತು ದಾಟಿದವರು, ಒಂದು ಬುಟ್ಟಿ ಸೀಬೆಯಂಥ ಫಿಜೋವಾ ಹಣ್ಣು ಹಿಡಿದು ಬಂದರು. ಅವರ ಮುತ್ತಜ್ಜ ವಿಲಿಯಂ ಬೋಲ್ಟನ್ ಇಂಗ್ಲೆಂಡಿನ ಉತ್ತರದಿಂದ ಹಡಗು ಹತ್ತಿ ಈ ದೇಶಕ್ಕೆ ಬಂದವನಂತೆ. ಅವನ ಊರು ಯಾವುದೆಂದು ನಾನು ಹುಡುಕಿಕೊಡಬೇಕಂತೆ. ಈಸ್ಟರಿಗೆ ವಂಶದವರೆಲ್ಲ ಸೇರುವಷ್ಟರಲ್ಲಿ ಊರು ಸಿಗದಿದ್ದರೆ, ತನ್ನ ಮುತ್ತಜ್ಜನ ಊರು ಆಗಲೇ ಹುಡುಕಿಟ್ಟಿರುವ ನಾದಿನಿಯ ಮುಂದೆ ತಲೆ ಎತ್ತುವಂತಿಲ್ಲವಂತೆ.

"ಹುಡುಕೋದೇನು ಆಂಟಿ, ಹೆಸರಲ್ಲೇ ಇದೆಯಲ್ಲ" ಎಂದುಬಿಟ್ಟೆ. ನಮ್ಮಲ್ಲಿ ಮನುಷ್ಯನಿಗಿಂತ ಮುಂಚೆ ಊರು ಬರುತ್ತದೆ. ಇನಿಶಿಯಲ್ ಬಿಡಿಸಿದರೆ ಸಾಕು, ಬಸ್ ಹತ್ತಬಹುದು. ಇಂಗ್ಲೆಂಡಿನ ಉತ್ತರದಲ್ಲಿ ಬೋಲ್ಟನ್ ಎಂಬ ಊರೂ ಇತ್ತು. ಮೂರು ಶನಿವಾರ ಆ ಊರಿನ ಚರ್ಚುಗಳ ಹಳೇ ದಾಖಲೆ ಜಾಲಾಡಿದೆ. ವಿಲಿಯಂಗಳಿಗೇನೂ ಬರವಿರಲಿಲ್ಲ, ಆದರೆ ಒಬ್ಬನಾದರೂ ಹಡಗು ಹತ್ತಿರಬೇಕಲ್ಲ. ನನಗೆ ರೇಗಿಹೋಯಿತು. ಇತ್ತ ನಮ್ಮ ಲಾನು ಮೊಣಕಾಲುದ್ದ ಬೆಳೆಯಿತು.

"ಮೊದ್ಲು ಹುಲ್ಲು ಕಟ್ ಮಾಡ್ರೀ. ಅವರ ಮುತ್ತಜ್ಜ ಇನ್ನೆಲ್ಲಿಗೂ ಹೋಗಲ್ಲ" ಎಂದಳು ನನ್ನ ಹೆಂಡತಿ ವಿನುತಾ.

ನಾಲ್ಕನೇ ಶನಿವಾರ ಸೋತು, ಹಳೇ ಕಾಗದವೇನಾದರೂ ಇದೆಯೇ ಎಂದು ಆಂಟಿಯನ್ನು ಕೇಳಿದೆ. ಅವರು ಬಿಸ್ಕತ್ತಿನ ಡಬ್ಬಿಯಿಂದ ಮುತ್ತಜ್ಜನ ಮದುವೆ ಪತ್ರ ತೆಗೆದರು. ಅಕ್ಷರ ಕೋಳಿ ಕೆದರಿದಂತಿತ್ತು. ಆಸ್ಪತ್ರೆಯಲ್ಲಿ ನರ್ಸಾಗಿರುವ ವಿನುತಾ ಡಾಕ್ಟರ ಚೀಟಿ ಓದುವ ಹಾಗೆ ನಿಂತಲ್ಲೇ ಅವನ ಹುಟ್ಟೂರು ಓದಿದಳು: ಬೋಲ್ಟನ್‌ನಿಂದ ಬಹು ದೂರ, ಡರ್ಹಮ್ ಸೀಮೆಯ ಒಂದು ಕಲ್ಲಿದ್ದಲು ಗಣಿಯ ಹಳ್ಳಿ.

"ಇದನ್ನು ಮೊದಲೇ ಕೊಡಬಾರದಿತ್ತೆ?" ಎಂದೆ, ಹಲ್ಲು ಕಚ್ಚಿ.

"ನೀನು ಅಷ್ಟು ಧೈರ್ಯವಾಗಿ ಹೇಳಿದೆಯಲ್ಲ, ಡಿಯರ್" ಎಂದರು ಆಂಟಿ.

ಮಾನ ಉಳಿಸಿಕೊಳ್ಳಲು ನಮ್ಮ ಇನಿಶಿಯಲ್ಲಿನ ಪದ್ಧತಿ ವಿವರಿಸಿದೆ. ಹಾಗಾದರೆ ನಿನ್ನ ಹೆಸರಿನ ಮುಂದಿರುವ ಎಚ್ ಯಾವ ಊರು ಎಂದರು. "ಹೊಸಹಳ್ಳಿ" ಎಂದೆ, ಎದೆಯುಬ್ಬಿಸಿ. ಆಂಟಿ ಫೋನಿನಲ್ಲಿ ಕರ್ನಾಟಕದ ನಕ್ಷೆ ತೆರೆದರು. ಬೆರಳು ಸರಿಸಿದಷ್ಟೂ ಹೊಸಹಳ್ಳಿಗಳು.

"ಇದರಲ್ಲಿ ಯಾವುದು?"

ಮೈಸೂರಿಗೆ ಫೋನ್ ಮಾಡಿದೆ. "ನಿಮ್ಮಪ್ಪಂಗೇ ಗೊತ್ತಿರ್ಲಿಲ್ಲ ಕಣೋ" ಎಂದರು ಅಮ್ಮ. "ಅವರ ಹೆಸರಲ್ಲಿತ್ತು, ಸ್ಕೂಲಲ್ಲಿ ನಿಂಗೂ ಬರೆಸಿದ್ರು, ಅಷ್ಟೇ."

ಈಸ್ಟರಿನಲ್ಲಿ ನಾದಿನಿಯನ್ನು ಗೆದ್ದು ಬಂದ ಜೋನ್ ಆಂಟಿ ಈಗ ಪ್ರತಿ ಶನಿವಾರ ನನ್ನ ಮುತ್ತಜ್ಜನನ್ನು ಹುಡುಕುತ್ತಾರೆ. ನನ್ನಂತಲ್ಲ ಅವರು, ಮೊದಲ ದಿನವೇ ಹೊಸ ಫೈಲಿನ ಮೇಲೆ ನನ್ನ ಹೆಸರು ಬರೆದು, ಮನೆಯಲ್ಲಿ ಹಳೇ ಕಾಗದವೇನಾದರೂ ಇದೆಯೇ ಎಂದು ಕೇಳಿದರು. ನಾನು ಹುಲ್ಲು ಕತ್ತರಿಸಲು ಎದ್ದು ಹೋದೆ.